ರಾಜ್ಯಶಾಸ್ತ್ರ ಯಾರಿಗೆ?

ಪಿರಿಯಾಪಟ್ಟಣದಲ್ಲಿ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಅಪ್ಪ, ಅಮ್ಮ, ಮಗಳು ಪಿಯುಸಿ ಅರ್ಜಿ ತುಂಬಲು ಬಂದಿದ್ದರು.

“ಇತಿಹಾಸ ಸರಿ. ಈ ರಾಜ್ಯಶಾಸ್ತ್ರ ಯಾರು ಏಳ್ಕೊಟ್ಟಿದ್ದು?” ಎಂದರು ಅಪ್ಪ.

“ಯಾರೂ ಇಲ್ಲ ಕಣಪ್ಪ,” ಎಂದಳು ಮಗಳು.

“ಸುಳ್ಳು ಬುಡು. ನಿಮ್ಮವ್ವನ ಎದುರು ಎಲೆಕ್ಷನ್ ಸೋತೋರು ತಲೆ ಕೆಡ್ಸವ್ರೆ.”

“ನಾನೇ ಏಳಿದ್ದು,” ಎಂದರು ಅಮ್ಮ.

“ನಿಂಗ್ಯಾಕಮ್ಮಿ ಅದೆಲ್ಲ?”

“ಪಂಚಾಯ್ತಿ ಮೆಂಬ್ರು ನಾನಲ್ವಾ? ನೀವು ತೋರ್ಸಿದ ಕಡೇಲೆಲ್ಲ ಸೈನ್ ಆಕ್ತೀನಿ. ಅದ್ರಲ್ಲಿ ಏನದೆ ಅಂತ ಏಳೋರು ಬ್ಯಾಡ್ವಾ?”

“ನನ್ ಮ್ಯಾಲೇ ಅನುಮಾನವಾ?”

“ಮಗಳ ಮ್ಯಾಲೆ ನಿಮ್ಗಿಲ್ವಾ?”

ಪೋಷಕರ ಸಹಿ ಹಾಕಲು ಅಪ್ಪ ಪೆನ್ನು ತೆಗೆದರು.

“ಕೊಡಿ ಇತ್ಲಾಗೆ. ಸೈನ್ ಆಕೋಳು ನಾನು,” ಎಂದು ಅಮ್ಮ ಪೆನ್ನು ಕಿತ್ತುಕೊಂಡರು. ಆಮೇಲೆ ಮಗಳ ಕಡೆ ತಿರುಗಿ, “ಮೊದ್ಲು ಪೂರ್ತಿ ಓದವ್ವ,” ಎಂದರು.

ಮಗಳು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದಳು. ಅಮ್ಮ ಸಹಿ ಹಾಕಿದರು. ಮೂವರೂ ಕಾಲೇಜಿನ ಕಡೆ ನಡೆದರು, ಅಪ್ಪ ಹಿಂದೆ.