ಹಾರದ ತಟ್ಟೆ ಹಿಡಿಯುವವರು ಯಾರು?

ಭಕ್ತರೇ, ಇವತ್ತಿನ ಕಥಾಕೀರ್ತನೆ ಕೇಳಿ. ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಶ್ರೀಮಂತ ಪ್ರೊಫೆಸರ್ ಇದ್ದ. ಹಣದಲ್ಲಲ್ಲ ನೋಡಿ, ಸಂಶೋಧನಾ ಲೇಖನಗಳಲ್ಲಿ. ಇನ್ನೂರ ಹದಿನಾಲ್ಕು. ಎಲ್ಲ ಅವನೇ ಬರೆದದ್ದೇ ಅಂತ ಕೇಳಬೇಡಿ. ಸಹಿ ಹಾಕುವುದಕ್ಕೇ ಪುರುಸೊತ್ತಿಲ್ಲದವನು ಬರೆಯುವುದು ಯಾವಾಗ?

ಅವನ ಕೈಕೆಳಗೆ ನೀಲಾಂಬಿಕೆ ಎಂಬವಳು ಆರು ವರ್ಷದಿಂದ ರಾಗಿಯ ಬೆಂಕಿರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಬಿಸಿಲಲ್ಲಿ ನಿಂತು ರೋಗದ ತೆನೆ ಎಣಿಸಿದವಳು ಅವಳು. ಅವಳ ಸಹಪಾಠಿಯೊಬ್ಬನಿದ್ದ, ಹೊಲವನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದ. ಆದರೂ ವಿಚಾರಸಂಕಿರಣ ಬಂತೆಂದರೆ ಮೈಕು ಅವನದು. ಪ್ರಾರ್ಥನೆ, ರಂಗೋಲಿ, ಹಾರದ ತಟ್ಟೆ ಅವಳದು. ಪ್ರೊಫೆಸರ್ ಮೂಗಿನಲ್ಲೇ ರಾಗ ಎಳೆಯುತ್ತಿದ್ದ: "ಏನಮ್ಮಾ, ಗಾದೆ ಕೇಳಿಲ್ವೇ? ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ. ನಮ್ಮ ಲ್ಯಾಬು ಒಂದು ಸಂಸಾರ ಕಣಮ್ಮಾ."

ಆ ವರ್ಷ ಒಂದೇ ಒಂದು ಖಾಯಂ ಹುದ್ದೆ ಖಾಲಿ ಇತ್ತು. ಆಯ್ಕೆ ಮಾಡಬೇಕಾದ ಹಿರಿಯ ವಿಜ್ಞಾನಿಯೇ ಸಂಕಿರಣಕ್ಕೆ ಅತಿಥಿ. ನೀಲಾಂಬಿಕೆ ಹೋಗಿ ಕೇಳಿದಳು: "ಸರ್, ಈ ಸಲ ನನ್ನ ಕೆಲಸ ನಾನೇ ಹೇಳ್ತೀನಿ."

"ಹೇಳಬಹುದಮ್ಮಾ. ಆದ್ರೆ ತಟ್ಟೆ ಯಾರು ಹಿಡೀತಾರೆ?"

ನೋಡಿ, ರೋಗಕ್ಕೆ ಮದ್ದು ಸಿಗಬಹುದು, ತಟ್ಟೆಗೆ ಬದಲಿ ಜನ ಸಿಗುವುದಿಲ್ಲ.

ಸರಿ, ಸಹಪಾಠಿ ಅವಳ ಸ್ಲೈಡುಗಳನ್ನು ಓದಿದ. ಅವಳು ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಂತಿದ್ದಳು. ಅತಿಥಿ ಕೇಳಿದರು: "ಮೂರನೇ ವರ್ಷ ರೋಗ ಅರ್ಧಕ್ಕಿಳಿದಿದೆಯಲ್ಲ, ಯಾಕೆ?"

ಸಹಪಾಠಿ ಪ್ರೊಫೆಸರನನ್ನು ನೋಡಿದ. ಪ್ರೊಫೆಸರ್ ಅವನನ್ನು ನೋಡಿದ. ಇಬ್ಬರೂ ಫ್ಯಾನು ನೋಡಿದರು. ಫ್ಯಾನಿಗೂ ಗೊತ್ತಿರಲಿಲ್ಲ.

"ಆ ವರ್ಷ ಬಿತ್ತನೆ ಹದಿನೈದು ದಿನ ಮುಂಚೆ ಆಗಿತ್ತು ಸರ್," ಅಂದಳು ನೀಲಾಂಬಿಕೆ. "ತೆನೆ ಬರೋ ಹೊತ್ತಿಗೆ ಈ ರೋಗ ಹರಡೋ ಮೋಡದ ಹವೆ ಇರಲಿಲ್ಲ. ತೋರಿಸ್ತೀನಿ."

ತೋರಿಸುವುದಕ್ಕೆ ಕೈ ಬೇಕಲ್ಲ? ಎರಡು ಕೈಯಲ್ಲೂ ತಟ್ಟೆ. ಹತ್ತಿರವಿದ್ದ ಪ್ರೊಫೆಸರನಿಗೆ, "ಸರ್, ಒಂಚೂರು ಹಿಡ್ಕೊಳ್ಳಿ" ಅಂದಳು. ಹಿಡಿದ. ಮುಕ್ಕಾಲು ಗಂಟೆ ಹಿಡಿದ. ಒಂದು ಹೂವೂ ಉದುರಲಿಲ್ಲ, ಆಕಾಶವೂ ಬೀಳಲಿಲ್ಲ.

ಹುದ್ದೆ ಅವಳಿಗೇ ಸಿಕ್ಕಿತು. ಸೇರಿದ ದಿನ ವಿಭಾಗದ ಮೊದಲ ಆದೇಶ ಏನು ಗೊತ್ತೇ? ಅವಳನ್ನು ಸ್ವಾಗತ ಸಮಿತಿಗೆ ಹಾಕಿದ್ದರು. ಅವಳು ನಕ್ಕು ಹೇಳಿದಳು: "ತಟ್ಟೆ ಸರ್ ಹತ್ರಾನೇ ಇರಲಿ. ಅವರಿಗೆ ಚೆನ್ನಾಗಿ ಅಭ್ಯಾಸ ಆಗಿದೆ."

ನಗುತ್ತಿದ್ದೀರಿ. ನಗಿ. ನಕ್ಕು ಮುಗಿದ ಮೇಲೆ ಹಿಂದೆ ತಿರುಗಿ ನೋಡಿ. ಪ್ರಸಾದದ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿರುವವರು ಯಾರು? ಮುಂದಿನ ಸಾಲಿನ ಪ್ರಾಂಶುಪಾಲರೇ, ಅಲ್ಲಿ ನಿಮ್ಮ ಸೊಸೆ ಇದ್ದಾಳೆ. "ಥೀಸಿಸ್ ಮುಗಿಸೋಕೆ ಅವಳಿಗೆ ಆಸಕ್ತಿ ಇಲ್ಲ ಬುದ್ಧಿ" ಅಂತ ಮೊನ್ನೆ ನನಗೆ ಹೇಳಿದವರು ನೀವೇ. ಆಸಕ್ತಿ ಇದೆ ಸ್ವಾಮಿ, ಕೈ ಖಾಲಿ ಇಲ್ಲ.

ನಾಳೆಯಿಂದ ಸಭೆಯಲ್ಲಿ ಟೀ ಹಂಚುವುದಕ್ಕೂ ಟಿಪ್ಪಣಿ ಬರೆಯುವುದಕ್ಕೂ ಸರದಿ ಹಾಕಿ, ಮೊದಲ ಸರದಿ ನಿಮ್ಮದು. ಕೆಲಸ ಮಾಡಿದವಳ ಹೆಸರು ಮೊದಲು ಬರೆಯಿರಿ, ಅವಳ ಕೆಲಸವನ್ನು ಅವಳೇ ಹೇಳಲಿ. ಅಲ್ಲ, ನಾಳೆವರೆಗೆ ಯಾಕೆ ಕಾಯಬೇಕು? ಇನ್ನೂ ಅರ್ಧ ಬುಟ್ಟಿ ಸೌತೆಕಾಯಿ ಇದೆ. ಈಳಿಗೆಮಣೆಯೂ ಅಲ್ಲೇ ಇದೆ. ಮುಂದಿನ ಸಾಲು ಏಳಲಿ, ಆ ತಾಯಂದಿರು ಬಂದು ಇಲ್ಲಿ ಕೂರಲಿ. ಅಲ್ಲಿಯವರೆಗೆ ನಾನು ಮಂಗಳ ಹಾಡುವುದಿಲ್ಲ.