ಅಪ್ಪನ ಹತ್ತನೇ ನಂಬರ್

ಕಣ್ಣಿಗೆ ಔಷಧಿ ಬಿಡಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತಿದ್ದ ದರ್ಜಿಯಮ್ಮನಿಗೆ ಕಿವಿಯಷ್ಟೇ ಕೆಲಸ. ಪಕ್ಕದಲ್ಲಿ ಅಣ್ಣತಮ್ಮಂದಿರಿಬ್ಬರು ಹಲ್ಲು ಕಡಿಯುತ್ತ ಮಾತಾಡುತ್ತಿದ್ದರು.

“ನೀನು ಕೆಳಗೆ ಕಂಪ್ಯೂಟರ್ ಹಾಕಿದ್ರೆ ಸಾಕು, ಮೇಲೆ ನನ್ನ ನೆಟ್ ಹೋಗುತ್ತೆ.”

“ನೀನು ಹಾಕಿದ್ರೆ ನಂದೂ ಹೋಗುತ್ತೆ, ಅಣ್ಣ. ಒಂದೇ ಮನೇಲಿ ಇಬ್ರೂ ಕಂಪ್ಯೂಟರಿಗೆ ಒಂದೇ ಐಪಿ ನಂಬರ್ ಇಟ್ಕೊಂಡ್ರೆ ಇನ್ನೇನಾಗುತ್ತೆ?”

“ಹಾಗಾದ್ರೆ ಅಪ್ಪನ ಹತ್ತನೇ ನಂಬರ್ ಬಿಡು. ಹನ್ನೊಂದು ಹಾಕ್ಕೋ.”

“ನೀನೇ ಹಾಕ್ಕೋ. ಅಮ್ಮನ ವಿಡಿಯೋ ಇರೋ ಡಿಸ್ಕು ಹತ್ತು ಬಿಟ್ರೆ ಬೇರೆ ಯಾವ ನಂಬರಿಗೂ ತೆರ್ಕೊಳ್ಳಲ್ಲ. ಅಪ್ಪ ಹಾಗೆ ಮಾಡಿಟ್ಟಿದ್ದಾರೆ.”

“ಗೊತ್ತು. ಅದಕ್ಕೇ ಬೇಕು. ಹಿರಿಯ ನಾನು.”

“ಹಿರಿಯನಂತೆ. ಅಪ್ಪನ ಕಂಪ್ಯೂಟರ್ ವೈರು ಕಿತ್ತು ಅಟ್ಟಕ್ಕೆ ಹಾಕಿದೋನು ಯಾರು?”

“ಸ್ಕ್ರೀನೇ ಕಾಣದೋರಿಗೆ ಅದ್ಯಾಕೆ? ನಾನು ಕಿತ್ತೆ, ಸರಿ. ಅವತ್ತು ಸಂಜೆಯೇ ನಂಬರ್ ಹೊಡ್ಕೊಂಡೋನು ನೀನು.”

“ನೀನು ಹೊಡ್ಕೊಳ್ಳೋಕೆ ಮೊದಲು ಅಂತ.”

ಬಾಗಿಲು ಕಿರುಗುಟ್ಟಿತು. ಊರುಗೋಲೊಂದು ಬಂದು ಬೆಂಚಿನ ಮುಂದೆ ನಿಂತಿತು.

“ಆಯ್ತಾ ಅಪ್ಪ?” ಅಣ್ಣನ ದನಿ ಬೆಣ್ಣೆಯಾಗಿತ್ತು.

“ಪಟ್ಟಿ ಬಿಚ್ಚಿದ್ರು. ಓದೋಷ್ಟು ಕಾಣ್ತಿದೆ. ನಾಳೆಯಿಂದ ಕಂಪ್ಯೂಟರ್ ಮುಂದೆ ಕೂರಬಹುದಂತೆ.”

ಊರುಗೋಲು ನೆಲಕ್ಕೆ ಒಮ್ಮೆ ಕುಟ್ಟಿತು.

“ಪೊರೆ ಬಂದಿದ್ದು ಕಣ್ಣಿಗೆ ಕಣ್ರೋ, ಕಿವಿಗಲ್ಲ. ಮನೆಗೆ ಹೋದ ತಕ್ಷಣ ಅಟ್ಟ ಹತ್ತಿ. ಹತ್ತು ನಂದು.”

ಊರುಗೋಲು ಟಕಟಕನೆ ಮುಂದೆ ಹೋಯಿತು. ಅದರ ಹಿಂದೆ ಎರಡು ಜೊತೆ ಚಪ್ಪಲಿಗಳು, ಒಂದಕ್ಕೊಂದು ದೂರ.