ಭಾವನನ್ನು ಸೋಲಿಸುವ ಕಾರು

ಆಟಿಕೆ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಎರಡು ಕೈಗಳಲ್ಲೂ ನೈಟ್ರೋ ಇಂಧನದಿಂದ ಓಡುವ ರಿಮೋಟ್ ಕಾರಿನ ಪೆಟ್ಟಿಗೆಗಳಿದ್ದವು.

"ಸುಮ್ಮನೆ ಓಡಿಸೋಕೆ ಈ ದಪ್ಪ ಚಕ್ರದ್ದು ಸಾಕಲ್ವೇನೋ?"

"ರೇಸಿಗೆ ಆಗಲ್ಲಕ್ಕ. ಈ ಭಾನುವಾರ ಭಾವನ್ನ ಸೋಲಿಸ್ಲೇಬೇಕು. ಪ್ರತಿ ಸಲ ಸೋತು ಮಾನ ಹೋಗಿದೆ."

"ನಮ್ಮ ಯಜಮಾನರ ಜೊತೆ ರೇಸಾ? ಹಾಗಾದ್ರೆ ರೇಸಿಂದೇ ತಗೋ. ಗೆದ್ದು ಗೆದ್ದು ಅವರಿಗೆ ಕೊಂಬು ಬಂದಿದೆ."

"ಆದ್ರೆ ಹೊಸ ಎಂಜಿನ್ನು. ಮೊದಲು ನಿಧಾನವಾಗಿ ಓಡಿಸಿ ಪಳಗಿಸ್ಬೇಕು. ನಮ್ಮನೇಲಿ ಜಾಗ ಇಲ್ಲ."

"ನಮ್ಮ ಅಂಗಳಕ್ಕೆ ಮಧ್ಯಾಹ್ನ ಬಾ. ಅವರು ಮಲಗಿರ್ತಾರೆ."

"ಇದರ ಸದ್ದಿಗೆ ಎದ್ದುಬಿಟ್ರೆ ಗುಟ್ಟೆಲ್ಲ ರಟ್ಟು!"

ಅಕ್ಕ ದಪ್ಪ ಚಕ್ರದ ಕಾರನ್ನು ಕಪಾಟಿಗೆ ಮರಳಿಸಿದಳು.

"ಅವರ ಗೊರಕೆ ಮುಂದೆ ನಿನ್ನ ಕಾರು ಕೇಳ್ಸೋದೇ ಇಲ್ಲ, ನಡಿ."

ಇಬ್ಬರೂ ಗಲ್ಲಾಪೆಟ್ಟಿಗೆಯತ್ತ ಸರಿದರು.